ಕನಸಿನಲ್ಲಿ ಎಚ್ಚರಾಗಲು ಹೋಗಿ ಬದಲಾಪುರ ದಾಟಿದ್ದು

ನಿದ್ದೆಯ ವಿಷಯದಲ್ಲಿ ನಾನು ಯಾರಿಗೂ ಕಡಿಮೆಯವಳಲ್ಲ. ಡೊಂಬಿವಲಿಯ ನಮ್ಮ ಮನೆ ರೈಲು ಹಳಿಗೆ ಎಷ್ಟು ಹತ್ತಿರವೆಂದರೆ, ಫಾಸ್ಟ್ ಗಾಡಿ ಹೋದಾಗ ದೇವರ ಮುಂದಿನ ಗಂಟೆ ತಾನಾಗಿಯೇ ಟಿಣ್ ಎನ್ನುತ್ತದೆ. ಅಂಥ ಮನೆಯಲ್ಲಿ ಮದುವೆಯಾಗಿ ಬಂದ ದಿನದಿಂದ ನಾನು ದಿಂಬಿಗೆ ತಲೆಯಿಟ್ಟು ‘ಕೃಷ್ಣಾ’ ಎಂದರೆ, ‘ಕೃ’ ಈ ಲೋಕದಲ್ಲಿ, ‘ಷ್ಣಾ’ ಆಚೆಯ ಲೋಕದಲ್ಲಿ. ದೇವರು ಕೊಟ್ಟ ಸಣ್ಣಪುಟ್ಟ ಅನುಗ್ರಹಗಳನ್ನು ನಾನು ಆಗಾಗ ಲೆಕ್ಕ ಹಾಕುವುದುಂಟು. ಅದರಲ್ಲಿ ಮೊದಲನೆಯದು ಈ ನಿದ್ದೆ. ಹಾಗಾಗಿ ಮಲಗಿಕೊಂಡೇ ಕಲಿಯುವ ವಿದ್ಯೆಯೊಂದು ಉಂಟು ಎಂದು ಗೊತ್ತಾದಾಗ, ಇದು ನನಗಾಗಿಯೇ ಹುಟ್ಟಿದ್ದು ಎಂದುಕೊಂಡೆ. ಅಡುಗೆ, ಹೊಲಿಗೆ, ಸಂಗೀತ ಇವುಗಳಲ್ಲಿ ಸೋತಿರಬಹುದು. ಮಲಗುವುದರಲ್ಲಿ ಸೋಲುವುದು ಹೇಗೆ ಸಾಧ್ಯ?

ಸಾಧ್ಯವಾಯಿತು. ಅದನ್ನೇ ಹೇಳಹೊರಟಿದ್ದೇನೆ.

ಈ ವಿದ್ಯೆಯ ಹಿಂದೆ ನಾನು ಬಿದ್ದದ್ದು ನನ್ನ ಅಕ್ಕನಿಗಾಗಿ. ಅಕ್ಕ ನಮ್ಮದೇ ರೈಲು ದಾರಿಯಲ್ಲಿ ಸ್ವಲ್ಪ ಮುಂದಿರುವ ಬದಲಾಪುರದಲ್ಲಿದ್ದಳು. ಕಳೆದ ವರ್ಷ ನವರಾತ್ರಿ ಮುಗಿದ ಸ್ವಲ್ಪ ದಿನಕ್ಕೆ, ಬೆಳಿಗ್ಗೆ ತುಳಸಿಗೆ ನೀರು ಹಾಕಿ ಒಳಗೆ ಬಂದು ಕುರ್ಚಿಯಲ್ಲಿ ಕುಳಿತವಳು ಮತ್ತೆ ಏಳಲಿಲ್ಲ. ಹಿಂದಿನ ದಿನ ಸಂಜೆಯಷ್ಟೇ ನನಗೆ ಫೋನ್ ಮಾಡಿದ್ದಳು.

“ನಿನಗೊಂದು ವಿಷಯ ಹೇಳ್ಲಿಕ್ಕುಂಟು ಮಾರಾಯ್ತಿ,” ಎಂದಳು.

“ಎಂತದು, ಹೇಳು.”

“ಫೋನಲ್ಲಿ ಬೇಡ. ಆದಿತ್ಯವಾರ ಬಾ, ಕೂತು ಹೇಳ್ತೇನೆ.”

ಸುದ್ದಿ ಕೇಳಿ ಓಡಿದ್ದು ಬೇರೆ, ಅವಳು ಕರೆದ ಆದಿತ್ಯವಾರವೂ ನಾನು ಹೋದೆ. ಅಷ್ಟರಲ್ಲಿ ಅವಳ ಅಸ್ಥಿ ವಿಸರ್ಜನೆಯೂ ಆಗಿತ್ತು.

ಏನು ಹೇಳಬೇಕೆಂದಿದ್ದಳು? ಸಿಟ್ಟಿನ ವಿಷಯವೋ, ಕಾಯಿಲೆಯ ವಿಷಯವೋ, ಯಾರದಾದರೂ ಮದುವೆಯದೋ? ಭಾವನನ್ನು ಕೇಳಿದೆ. ಅವರಿಗೆ ಕಿವಿ ಸ್ವಲ್ಪ ಮಂದ. “ಅವಳು ಹೇಳಿದ್ದೇ ನನಗೆ ಸರಿಯಾಗಿ ಕೇಳ್ತಿರ್ಲಿಲ್ಲ. ಹೇಳದ್ದು ಎಲ್ಲಿಂದ ಕೇಳ್ಬೇಕು?” ಎಂದರು. ತಮಾಷೆಗೆ ಹೇಳಿದ್ದಲ್ಲ. ಅವರ ಕಣ್ಣು ಒದ್ದೆಯಾಗಿತ್ತು.

ಆಮೇಲೆ ಅಕ್ಕ ನನ್ನ ಕನಸಿಗೆ ಬರತೊಡಗಿದಳು. ಬರುತ್ತಿದ್ದಳು, ಆದರೆ ಏನು ಪ್ರಯೋಜನ? ಕನಸಿನಲ್ಲಿ ನನಗೆ ಅವಳು ಸತ್ತದ್ದೇ ನೆನಪಿರುತ್ತಿರಲಿಲ್ಲ. ಒಂದು ಸಲ ಇಬ್ಬರೂ ಕುಳಿತು ಬಸಳೆಯ ದಂಟು ಬಿಡಿಸಿದೆವು. ಇನ್ನೊಂದು ಸಲ ಕುಕ್ಕರ್ ಎಷ್ಟು ಸೀಟಿ ಹೊಡೆಯಿತು ಎಂದು ಜಗಳವಾಡಿದೆವು. ಎಚ್ಚರಾದ ಮೇಲೆ ಹಾಸಿಗೆಯಲ್ಲಿ ಕುಳಿತು ಹಣೆ ಹಣೆ ಬಡಿದುಕೊಳ್ಳುತ್ತಿದ್ದೆ. ಸತ್ತು ಹೋದ ಅಕ್ಕ ಅಷ್ಟು ದೂರದಿಂದ ಬಂದು ಎದುರಿಗೆ ಕುಳಿತಿದ್ದಾಗ ನಾನು ಕೇಳಿದ್ದು ಕುಕ್ಕರಿನ ಸೀಟಿ!

ಇದನ್ನು ಒಂದು ದಿನ ತಿಂಡಿಯ ಹೊತ್ತಿಗೆ ಹೇಳಿಕೊಂಡು ಅತ್ತೆ. ನನ್ನ ಮಗಳು ಅನಘಾ ಠಾಣೆಯಲ್ಲಿ ಕಾಲೇಜಿಗೆ ಹೋಗುತ್ತಾಳೆ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅರ್ಧ ಹಿಂದಿಯಲ್ಲಿ ಉತ್ತರ ಕೊಡುವುದು ಅವಳ ಪದ್ಧತಿ.

“ಮಮ್ಮಿ, ತುಮ್ ಲ್ಯೂಸಿಡ್ ಡ್ರೀಮಿಂಗ್ ಕರೋ ನಾ,” ಎಂದಳು. “ಸಪನೇ ಮೇ ಪತಾ ಚಲ್ತಾ ಹೈ ಕಿ ಏ ಸಪ್ನಾ ಹೈ, ಕನಸಲ್ಲೇ ಇದು ಕನಸು ಅಂತ ಗೊತ್ತಾಗ್ತದೆ. ಆಮೇಲೆ ನಿನಗೆ ಬೇಕಾದ್ದು ಮಾಡ್ಬಹುದು. ದೊಡ್ಡಮ್ಮನನ್ನು ಡೈರೆಕ್ಟ್ ಕೇಳು.”

ಇವರು, ಅಂದರೆ ನಮ್ಮ ಯಜಮಾನರು, ತುರ್ಭೆಯ ಒಂದು ಶಾಕಾಹಾರಿ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುವವರು. ಇಡ್ಲಿಯ ತಟ್ಟೆಯಿಂದ ತಲೆಯೆತ್ತದೆ ಹೇಳಿದರು, “ಎಚ್ಚರ ಇರುವಾಗಲೇ ಗ್ಯಾಸಿನ ಮೇಲೆ ಹಾಲಿಟ್ಟದ್ದು ಇವಳಿಗೆ ನೆನಪಿರುವುದಿಲ್ಲ. ಇನ್ನು ನಿದ್ದೆಯಲ್ಲಿ ಎಚ್ಚರ ಇರ್ತಾಳಂತೆ.”

ಆ ಮಾತು ನನಗೆ ನಾಟಿತು. ಅದಕ್ಕಿಂತ ಹೆಚ್ಚು ನಾಟಿದ್ದು ಪುರೋಹಿತ ಭಟ್ಟರ ಮಾತು. ವರ್ಷಾಂತಿಕ, ಅಂದರೆ ಮೊದಲ ವರ್ಷದ ತಿಥಿ, ಮುಗಿಯಿತೆಂದರೆ ಹೋದ ಜೀವ ಪಿತೃಗಳ ಜೊತೆ ಸೇರಿಬಿಡುತ್ತದೆ, ಆಮೇಲೆ ಮನೆಯವರ ಕನಸಿಗೂ ಬರುವುದಿಲ್ಲ ಎಂದು ಅವರು ಹೇಳಿದ್ದರು. ವರ್ಷಾಂತಿಕಕ್ಕೆ ಕೆಲವೇ ತಿಂಗಳು ಉಳಿದಿತ್ತು. ಅಷ್ಟರೊಳಗೆ ನಾನು ಒಂದೇ ಒಂದು ಸಲ ಕನಸಿನಲ್ಲಿ ಎಚ್ಚರಾಗಬೇಕು, ಅಕ್ಕನನ್ನು ಕೇಳಬೇಕು. ಮಗಳನ್ನು ಗುರುವಾಗಿ ಸ್ವೀಕರಿಸಿದೆ, ಕಾಲು ಹಿಡಿಯುವುದೊಂದು ಬಾಕಿ.

ಗುರುಗಳು ಮೊದಲ ದಿನವೇ ತ್ಯಾಗಗಳನ್ನು ವಿಧಿಸಿದರು. ಮಧ್ಯಾಹ್ನದ ನಂತರ ಕಾಫಿ ಇಲ್ಲ ಎಂದರು. ಭಕ್ತಿ ಹೆಚ್ಚಾಗಿ ನಾನು ಬೆಳಗಿನ ಕಾಫಿಯನ್ನೂ ಬಿಟ್ಟೆ. ತವರಿನಲ್ಲಿ ಸೂತಕವಾದಾಗಲೂ ಬಿಡದ ಕಾಫಿ. ತಲೆ ಸಿಡಿಯುತ್ತಿತ್ತು, ಎದುರಿಗೆ ಇವರು ಲೋಟ ಬಟ್ಟಲಿನಲ್ಲಿ ಎತ್ತಿ ಹೊಯ್ದು ಆರಿಸಿ ಕುಡಿಯುತ್ತಿದ್ದರು. ಸಂಜೆಯ ಧಾರಾವಾಹಿ ಬಿಟ್ಟೆ, ಬೆಳಕಿನ ಪರದೆ ಕನಸನ್ನು ಕೆಡಿಸುತ್ತದಂತೆ. ದೇವರಿಗೆ ದೀಪ ಹಚ್ಚಿದ ಮೇಲೆ ಫೋನನ್ನು ಪೂರ್ತಿ ಬಂದ್ ಮಾಡಿಡುವ ರೂಢಿ ಮಾಡಿಕೊಂಡೆ. ರಾತ್ರಿ ಹೊಟ್ಟೆ ತುಂಬ ಊಟ ಬಿಟ್ಟೆ. ಬೆಳಗಿನ ಜಾವದ ಸವಿ ನಿದ್ದೆಯ ನಡುವೆ ಹಳೆಯ ಗಡಿಯಾರದಲ್ಲಿ ಅಲಾರಂ ಇಟ್ಟು ಏಳಬೇಕು, ಸ್ವಲ್ಪ ಹೊತ್ತು ಕುಳಿತು ‘ಇನ್ನು ಕಾಣುವುದು ಕನಸು’ ಎಂದು ಜಪಿಸಿ ಮತ್ತೆ ಮಲಗಬೇಕು. ಆ ಅಲಾರಂ ನನಗೆ ಕೇಳಿಸುತ್ತಿರಲಿಲ್ಲ. ಇವರಿಗೆ ಮತ್ತು ಮೇಲಿನ ಮಹಡಿಯವರಿಗೆ ಕೇಳಿಸುತ್ತಿತ್ತು. ಮೂರನೆಯ ದಿನ ಇವರು ದಿಂಬು ಕಂಕುಳಲ್ಲಿಟ್ಟುಕೊಂಡು ಹೊರಗಿನ ಕೋಣೆಗೆ ಮಲಗಲು ಹೊರಟರು.

“ಮದುವೆಯಲ್ಲಿ ಇದು ಹೇಳಿರ್ಲಿಲ್ಲ,” ಎಂದಷ್ಟೇ ಅಂದರು.

ಎದ್ದ ಕೂಡಲೇ ಕಂಡದ್ದನ್ನೆಲ್ಲ ಬರೆದಿಡಬೇಕು ಎಂದೂ ಒಂದು ನಿಯಮವಿತ್ತು. ಕನ್ನಡಕ ಹುಡುಕುವಷ್ಟರಲ್ಲಿ ಕನಸು ಮಾಯವಾಗುತ್ತಿದ್ದುದರಿಂದ, ಬರೆಯುವ ಬದಲು ಬಾಯಿಬಿಟ್ಟು ಹೇಳುವುದೆಂದು ನಾನೇ ತಿದ್ದುಪಡಿ ಮಾಡಿಕೊಂಡೆ. ಆ ಹೊತ್ತಿಗೆ ಮನೆಯಲ್ಲಿ ಎದ್ದಿರುವವರು ಇವರೊಬ್ಬರೇ. ಸ್ನಾನ ಮಾಡಿ, ಮಡಿಯುಟ್ಟು, ದೇವರ ಮುಂದೆ ಜಪಕ್ಕೆ ಕುಳಿತಿರುತ್ತಿದ್ದರು. ಜಪದಲ್ಲಿ ಮಾತಾಡುವಂತಿಲ್ಲ. ಇಂಥ ಕೇಳುಗ ಯಾರಿಗುಂಟು? ಮಡಿಯಲ್ಲಿದ್ದವರನ್ನು ಮುಟ್ಟಬಾರದೆಂದು ಬಾಗಿಲ ಹೊರಗೇ ನಿಂತು ಹೇಳುತ್ತಿದ್ದೆ.

“ಕೇಳಿದ್ರಾ, ಇವತ್ತು ಕನಸಲ್ಲಿ ಕಲ್ಯಾಣ್ ಸ್ಟೇಷನ್ ಪೂರ್ತಿ ನೀರು ದೋಸೆ ಹಾಸಿತ್ತು.”

ಇವರು ಕಣ್ಣು ದೊಡ್ಡದು ಮಾಡಿ ‘ಹೂಂ ಹೂಂ’ ಎಂದು ಗಂಟಲಲ್ಲೇ ಗದರುತ್ತಿದ್ದರು. ಕೈಯಿಂದ ‘ಹೋಗು’ ಎಂದು ಸನ್ನೆ ಮಾಡುತ್ತಿದ್ದರು. ನಾನು ಅದನ್ನು ‘ಮುಂದೆ ಹೇಳು’ ಎಂದು ತಿಳಿದುಕೊಂಡಂತೆ ನಟಿಸಿ ಪೂರ್ತಿ ಹೇಳಿ ಮುಗಿಸುತ್ತಿದ್ದೆ. ಪಾಪ, ಗಾಯತ್ರಿಯ ಎಣಿಕೆ ತಪ್ಪಿ ಮೊದಲಿನಿಂದ ಶುರು ಮಾಡಿ, ಅವರ ಗಾಡಿ ತಪ್ಪಿದ ದಿನಗಳೂ ಉಂಟು.

ತ್ಯಾಗಕ್ಕಿಂತ ಕಷ್ಟ ಪರೀಕ್ಷೆ. ಎಚ್ಚರವಿರುವಾಗ ದಿನಕ್ಕೆ ಎಷ್ಟೋ ಸಲ ‘ಇದು ಕನಸೇ?’ ಎಂದು ಪರೀಕ್ಷಿಸಬೇಕು. ಆಗ ಅದು ರೂಢಿಯಾಗಿ ಕನಸಿನಲ್ಲೂ ಕೈ ತಾನಾಗಿ ಅದನ್ನೇ ಮಾಡುತ್ತದೆ. ಕೈಬೆರಳು ಎಣಿಸಬೇಕು, ಐದಕ್ಕಿಂತ ಹೆಚ್ಚಿದ್ದರೆ ಕನಸು. ಮೂಗು ಬಿಗಿಯಾಗಿ ಹಿಡಿದು ಉಸಿರೆಳೆಯಬೇಕು, ಆಗಲೂ ಉಸಿರು ಬಂದರೆ ಕನಸು. ಯಾವುದಾದರೂ ಬರಹ ಓದಿ, ಬೇರೆ ಕಡೆ ನೋಡಿ, ಮತ್ತೆ ಓದಬೇಕು. ಅಕ್ಷರ ಬದಲಾಗಿದ್ದರೆ ಕನಸು.

ಶುಕ್ರವಾರದ ಭಜನಾ ಮಂಡಳಿಯಲ್ಲಿ ನಾನು ಬೆರಳು ನೋಡಿಕೊಳ್ಳುವುದು, ಮೂಗು ಹಿಡಿಯುವುದು ಹೆಂಗಸರ ಕಣ್ಣಿಗೆ ಬಿತ್ತು. ಮಂಡಳಿಯ ಮುಖ್ಯಸ್ಥೆ ಕುಲಕರ್ಣಿ ವೈನಿ ವಿಜಯಪುರದ ಕಡೆಯವರು. ಹತ್ತಿರ ಬಂದು ಕೂತರು.

“ಅಲ್ರೀ ವೈನಿ, ಭಜನಿಯೊಳಗೂ ನಿಮ್ಮ ಬೆರಳಿನ ಜಪ, ಪ್ರಾಣಾಯಾಮ ಬಿಡಂಗಿಲ್ಲಲ್ರೀ. ಭಾಳ ದೊಡ್ಡ ಸಾಧನಾ ಇದು. ಯಾರ ಉಪದೇಶ?”

ಮಗಳದ್ದು ಎನ್ನಲು ನಾಚಿಕೆಯಾಯಿತು. “ಹೀಗೇ, ಮನೆಯಲ್ಲೇ,” ಎಂದೆ.

ಮುಂದಿನ ಶುಕ್ರವಾರ ಅರ್ಧ ಮಂಡಳಿ ಮೂಗು ಹಿಡಿದು ಕುಳಿತಿತ್ತು. ತಾಳ ಹಾಕಲು ಕೈ ಖಾಲಿ ಇದ್ದವರು ಇಬ್ಬರೇ. “ನನಗಂತೂ ಭಾಳ ಶಾಂತಿ ಸಿಕ್ಕದ ನೋಡ್ರಿ,” ಎಂದರು ವೈನಿ. ದೇವರೇ, ಕ್ಷಮಿಸಪ್ಪಾ ಎಂದು ಮನಸ್ಸಿನಲ್ಲೇ ಅಡ್ಡಬಿದ್ದೆ.

ಇಷ್ಟೆಲ್ಲ ಆಗಿ ಅಕ್ಕ ಬಂದಳೇ? ಇಲ್ಲ. ಕಾಫಿ, ಊಟ, ಅಲಾರಂ ಎಂದು ಸಾಧನೆ ಬೆಳೆದಂತೆ ನನ್ನ ಹೆಮ್ಮೆಯ ನಿದ್ದೆ ಸವೆಯಿತು. ‘ಕೃಷ್ಣಾ’ ಎಂದು ಪೂರ್ತಿ ಹೇಳಿ, ಸಹಸ್ರನಾಮವನ್ನೂ ಹೇಳಿ ಮುಗಿಸಿ, ಹಾಲಿನವನು ಬರುವವರೆಗೆ ಫ್ಯಾನು ನೋಡುತ್ತಿದ್ದೆ. ನಿದ್ದೆಯೇ ಇಲ್ಲದ ಮೇಲೆ ಕನಸೆಲ್ಲಿ? ಮೊದಲು ತಿಂಗಳಿಗೆ ಎರಡು ಸಲ ಬಂದು ಕುಕ್ಕರಿನ ವಿಷಯ ಮಾತಾಡಿ ಹೋಗುತ್ತಿದ್ದವಳು ಬರುವುದನ್ನೇ ನಿಲ್ಲಿಸಿದಳು. ಸಾರಿಗೆ ಉಪ್ಪು ಮರೆಯತೊಡಗಿದೆ. ಮಾತಿಗೆ ಮುಂಚೆ ಅಳು ಬರುತ್ತಿತ್ತು. ಅನಘಾ ಹೆದರಿ, “ಬಸ್ ಕರೋ ಮಮ್ಮಿ,” ಎಂದಳು. ಇವರು ಒಂದು ಲೋಟ ಕಾಫಿ ತಂದು ಮುಂದಿಟ್ಟರು. ನಾನು ಕುಡಿಯಲಿಲ್ಲ. ವರ್ಷಾಂತಿಕಕ್ಕೆ ಇನ್ನೂ ಸ್ವಲ್ಪ ದಿನವಿತ್ತಲ್ಲ.

ಆ ದಿನಗಳೂ ಮುಗಿದವು. ವರ್ಷಾಂತಿಕದ ಹಿಂದಿನ ಮಧ್ಯಾಹ್ನ ಎಳ್ಳು, ಉದ್ದು, ಬಾಳೆಲೆ ತುಂಬಿದ ಚೀಲ ಹಿಡಿದು ಬದಲಾಪುರಕ್ಕೆ ಹೊರಟೆ. ಅಡುಗೆಯ ತಯಾರಿಗೆ ನಾನು ಒಬ್ಬಳೇ ಮೊದಲು ಹೋಗುವುದು, ಇವರು ಮತ್ತು ಅನಘಾ ಮರುದಿನ ಬೆಳಿಗ್ಗೆ ಬರುವುದು ಎಂದಾಗಿತ್ತು. ಡೊಂಬಿವಲಿ ಫಲಾಟಿನಲ್ಲಿ, ಅಂದರೆ ಪ್ಲಾಟ್‌ಫಾರ್ಮಿನಲ್ಲಿ, ನಿಂತೆ. ಮುಂದಿನ ಗಾಡಿ ಯಾವುದೆಂದು ತೋರಿಸುವ ಇಂಡಿಕೇಟರ್ ಓದಿದೆ: ಬದಲಾಪುರ. ಅಭ್ಯಾಸದಂತೆ ಬೇರೆ ಕಡೆ ನೋಡಿ ಮತ್ತೆ ಓದಿದೆ: ಆಸನಗಾಂವ್.

ಮೈಯೆಲ್ಲ ಜುಮ್ಮೆಂದಿತು. ಅಕ್ಷರ ಬದಲಾಗಿದೆ. ಇದು ಕನಸು!

ಈ ಸ್ಟೇಷನ್ನಿನ ಇಂಡಿಕೇಟರನ್ನು ನಾನು ಮದುವೆಯಾದಂದಿನಿಂದ ನೋಡುತ್ತಿದ್ದೇನೆ. ಅದು ಯಾವ ದಿನ ಬದಲಾಗಿಲ್ಲ? ಗಾಡಿ ಫಲಾಟಿಗೆ ಬಂದು ನಿಂತ ಮೇಲೂ ಅದು ಮನಸ್ಸು ಬದಲಾಯಿಸುತ್ತದೆ. ಇಡೀ ಡೊಂಬಿವಲಿಗೆ ಗೊತ್ತಿರುವ ಈ ಸತ್ಯ ನಿದ್ದೆಗೆಟ್ಟ ನನ್ನ ತಲೆಗೆ ಆಗ ಹೊಳೆಯಲಿಲ್ಲ. ಜನರೆಲ್ಲ ಗಾಡಿ ಬದಲಾಯಿತೆಂದು ಬೈಯುತ್ತ ಸೇತುವೆಯ ಕಡೆ ಓಡುತ್ತಿದ್ದರು. ನಾನೊಬ್ಬಳು ಮಾತ್ರ ಆನಂದದಿಂದ ಸುತ್ತ ನೋಡಿದೆ. ಸ್ವಲ್ಪ ಮುಂದೆ ಗಿಳಿಹಸಿರು ಸೀರೆ, ಸಣ್ಣ ತುರುಬು, ತುರುಬಿಗೆ ಅಬ್ಬಲಿಗೆ ಹೂವು. ಅದೇ ಬೆನ್ನು. ಓಡಿ ಹೋಗಿ ಎರಡೂ ಭುಜ ಹಿಡಿದುಕೊಂಡೆ.

“ಅಕ್ಕ, ಎಂತ ಹೇಳ್ಲಿಕ್ಕಿತ್ತು? ಬೇಗ ಹೇಳು, ಈಗ ನನಗೆ ಎಚ್ಚರಾಗಿಬಿಡ್ತದೆ.”

ತಿರುಗಿದವಳ ಮುಖ ಬೇರೆಯೇ. ಆದರೆ ಕನಸಿನಲ್ಲಿ ಮುಖಗಳು ಬದಲಾಗುತ್ತವೆಂದು ಅನಘಾ ಮೊದಲೇ ಹೇಳಿದ್ದಳಲ್ಲ! ನಾನು ಬಿಡಲಿಲ್ಲ.

“ಅಹೋ ತಾಈ, ಸೋಡಾ ನಾ ಮಲಾ. ಕೋಣ ತುಮ್ಹೀ?” ಬಿಡಿ ನನ್ನನ್ನು, ಯಾರು ನೀವು ಎಂದು ಅವಳು ಕೊಸರಿಕೊಂಡಳು.

“ಸತ್ತ ಮೇಲೆ ಮರಾಠಿ ಕಲಿತೆಯಾ ಅಕ್ಕ?” ಎಂದೆ.

ಸುತ್ತ ಜನ ಸೇರಿದರು. “ಆಂಟಿ ಕೋ ಚಕ್ಕರ್ ಆಯಾ,” ಎಂದು ಯಾರೋ ನೀರಿನ ಬಾಟಲಿ ಕೊಟ್ಟರು. ಆಗ ಉಳಿದ ಪರೀಕ್ಷೆಗಳು ನೆನಪಾದವು. ಬೆರಳು ಎಣಿಸಿದೆ. ಐದು. ಆ ಕೈ, ಅದೂ ಐದು. ಮೂಗು ಹಿಡಿದೆ. ಉಸಿರು ಕಟ್ಟಿತು. ಪೂರ್ತಿ ಎಚ್ಚರದಲ್ಲಿ, ಹಾಡುಹಗಲಿನಲ್ಲಿ, ಗುರುತು ಪರಿಚಯವಿಲ್ಲದ ಹೆಂಗಸಿನ ಭುಜಕ್ಕೆ ಜೋತುಬಿದ್ದಿದ್ದೆ.

ಅವಳು ಒಳ್ಳೆಯವಳು. ಬೈಯಲಿಲ್ಲ. ನನ್ನ ಚೀಲ ತಾನೇ ಹಿಡಿದು, ಬದಲಾಪುರಕ್ಕೆ ಎಂದಾಗ ಆ ದಾರಿಯಾಗಿ ಮುಂದೆ ಹೋಗುವ ಕರ್ಜತ್ ಗಾಡಿಗೆ ಹತ್ತಿಸಿ, ಒಳಗಿನ ಹೆಂಗಸರಿಗೆ, “ಹ್ಯಾಂನಾ ಬಸೂ ದ್ಯಾ, ಬರಂ ನಾಹೀ ತ್ಯಾಂನಾ,” ಇವರಿಗೆ ಹುಷಾರಿಲ್ಲ, ಕೂರಲು ಬಿಡಿ ಎಂದು ಕೂಗಿ ಹೇಳಿದಳು. ಲೇಡೀಸ್ ಡಬ್ಬದಲ್ಲಿ ಯಾರೋ ಎದ್ದು ನನಗೆ ಕಿಟಕಿಯ ಸೀಟು ಕೊಟ್ಟರು. ಈ ಲೈನಿನಲ್ಲಿ ಇಂಥದ್ದು ನಡೆದರೆ ಅದು ದೇವರ ಕೃಪೆಯೇ. ಹುಚ್ಚಿಗೂ ಒಂದು ಲಾಭವಿರುತ್ತದೆ ಎಂದುಕೊಂಡು ಕುಳಿತೆ. ಗಾಳಿ ಬೀಸಿತು. ತಿಂಗಳುಗಳಿಂದ ಮುನಿಸಿಕೊಂಡಿದ್ದ ನಿದ್ದೆ ಆ ಗಾಳಿಯಲ್ಲಿ ಬಂದುಬಿಟ್ಟಿತು.

“ಸ್ವಲ್ಪ ಸರಿ,” ಎಂದು ಯಾರೋ ಸೊಂಟದಿಂದ ನೂಕಿದರು. ಮೂವರ ಸೀಟಿನಲ್ಲಿ ನಾಲ್ಕನೆಯವಳಾಗಿ ಕೂರುವುದು ಇಲ್ಲಿಯ ಹಕ್ಕು. ಸರಿದೆ. ನೋಡಿದರೆ ಅಕ್ಕ.

ಈ ಸಲ ಮೋಸ ಹೋಗಬಾರದೆಂದು ನಿಧಾನವಾಗಿ ಬೆರಳು ಎಣಿಸಿದೆ. ಹೆಬ್ಬೆರಳಿನ ಪಕ್ಕದಲ್ಲಿ ಇನ್ನೊಂದು ಹೆಬ್ಬೆರಳಿತ್ತು. ಒಮ್ಮೆ ಎಣಿಸಿದರೆ ಏಳು, ಇನ್ನೊಮ್ಮೆ ಆರು. ಮೂಗು ಹಿಡಿದೆ, ಉಸಿರು ಸರಾಗವಾಗಿ ಬಂತು. ಗೋಡೆಗೆ ಅಂಟಿಸಿದ್ದ ಮುಲಾಮಿನ ಜಾಹೀರಾತು ಎರಡನೆಯ ಸಲ ಓದುವಾಗ ಕನ್ನಡವಾಗಿತ್ತು. ಅಕ್ಕ ಇದನ್ನೆಲ್ಲ ನೋಡುತ್ತಲೇ ಇದ್ದಳು.

“ಎಂತ ಮಾರಾಯ್ತಿ, ನನ್ನ ನೋಡಿ ಮೂಗು ಹಿಡಿಯುವುದು? ನಾನು ನಾರ್ತೇನಾ?”

“ಅಲ್ಲ ಅಕ್ಕ, ಪರೀಕ್ಷೆ ಮಾಡಿದ್ದು. ಇದು ಕನಸು. ನೀನು ಸತ್ತು ವರ್ಷ ಆಯ್ತು.”

ಹೇಳಿದ ಮೇಲೆ ಹೊಳೆಯಿತು, ಇದನ್ನು ಹೀಗೆ ಹೇಳಬಾರದಿತ್ತು. ಅಕ್ಕನ ಮುಖ ಇಳಿಯಿತು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು.

“ಹೌದಾ?” ಎಂದಳು. “ನನಗೆ ಯಾರೂ ಹೇಳ್ಲೇ ಇಲ್ಲ.”

ನಾನು ಅವಳ ಕೈ ಹಿಡಿದೆ. ಸಮಯ ಕಡಿಮೆ. “ಅಕ್ಕ, ಆದಿತ್ಯವಾರ ಬಾ, ಹೇಳ್ತೇನೆ ಅಂದಿಯಲ್ಲ. ಎಂತ ಹೇಳ್ಲಿಕ್ಕಿತ್ತು ನಿನಗೆ?”

ಅಕ್ಕ ನನ್ನನ್ನು ನೋಡಿದಳು. ಚಿಕ್ಕಂದಿನಲ್ಲಿ ನಾನು ಮಗ್ಗಿ ತಪ್ಪಿದಾಗ ನೋಡುತ್ತಿದ್ದ ಹಾಗೆ.

“ನನ್ನ ಹತ್ರ ಎಂತ ಕೇಳ್ತಿ? ಕನಸು ನಿಂದು. ನಿನಗೆ ಗೊತ್ತಿಲ್ಲದ್ದು ಇಲ್ಲಿ ಬಂದು ಕೂತ ನನಗೆ ಹೇಗೆ ಗೊತ್ತಿರ್ಬೇಕು?”

ಎದ್ದಳು. ಸೀರೆಯ ನೆರಿಗೆ ಸರಿ ಮಾಡಿಕೊಂಡು ಬಾಗಿಲ ಕಡೆ ನಡೆದಳು. ‘ಬರ್ತೇನೆ’ ಎನ್ನಲಿಲ್ಲ.

ಕಣ್ಣು ಬಿಟ್ಟಾಗ ಗಾಡಿ ನೇರಳದಲ್ಲಿ ನಿಂತಿತ್ತು. ಬದಲಾಪುರ ಎಷ್ಟೋ ಹಿಂದೆ ಹೋಗಿತ್ತು. ಗಡಿಬಿಡಿಯಲ್ಲಿ ಚೀಲ ಎಳೆದುಕೊಂಡು ಇಳಿದೆ. ಬಾಳೆಲೆಗಳು ನಡುವಿಗೆ ಸೀಳಿದವು. ವಾಪಸು ಗಾಡಿ ಬರುವವರೆಗೆ ಬೆಂಚಿನ ಮೇಲೆ ಕುಳಿತು ಅತ್ತೆ. ತಿಂಗಳುಗಟ್ಟಲೆ ಕಾಫಿ ಬಿಟ್ಟು, ಗಂಡನನ್ನು ಹೊರಗಿನ ಕೋಣೆಗೆ ಅಟ್ಟಿ, ಇಡೀ ಭಜನಾ ಮಂಡಳಿಯ ಮೂಗು ಹಿಡಿಸಿ ನಾನು ಸಾಧಿಸಿದ್ದೇನು? ಅಕ್ಕನಿಗೆ ಅವಳು ಸತ್ತ ಸುದ್ದಿ ಮುಟ್ಟಿಸಿದ್ದು.

ಸಂಜೆ ಬದಲಾಪುರದ ಬಾಗಿಲಲ್ಲಿ ಭಾವ ಕಾಯುತ್ತ ನಿಂತಿದ್ದರು. ಹಿಂದಿನ ರಾತ್ರಿ ಬಂದ್ ಮಾಡಿದ ಫೋನನ್ನು ನಾನು ಮತ್ತೆ ಶುರು ಮಾಡಲು ಮರೆತಿದ್ದರಿಂದ ಎಲ್ಲರೂ ಗಾಬರಿಯಾಗಿದ್ದರು. ಇವರು ತುರ್ಭೆಯಿಂದ ಗಲ್ಲಾ ಬಿಟ್ಟು ಹೊರಟೇಬಿಟ್ಟಿದ್ದರಂತೆ.

“ಎಲ್ಲಿ ಹೋಗಿದ್ದೆ?” ಎಂದರು ಭಾವ.

“ಗಾಡಿಯಲ್ಲಿ ನಿದ್ದೆ ಬಂತು, ಭಾವ. ಅಕ್ಕ ಬಂದಿದ್ದಳು.”

“ಹಾಂ? ಯಾರು ಬಂದದ್ದು?”

“ಯಾರೂ ಇಲ್ಲ,” ಎಂದು ಗಟ್ಟಿಯಾಗಿ ಹೇಳಿದೆ. ಅದು ಅವರಿಗೆ ಕೇಳಿಸಿತು.

ಮರುದಿನ ವರ್ಷಾಂತಿಕ ಚೆನ್ನಾಗಿಯೇ ನಡೆಯಿತು. ಸೀಳಿದ ಎಲೆ ಬದಿಗಿಟ್ಟು ಬೇರೆ ತರಿಸಿದರು. ಮನೆಗೆ ಬಂದ ಮೇಲೆ ಸಾಧನೆಯನ್ನೆಲ್ಲ ಕೊನೆಗೊಳಿಸಿದೆ. ಕಾಫಿ ಬಂತು. ಧಾರಾವಾಹಿ ನಾನು ಬಿಟ್ಟ ಜಾಗದಿಂದ ಹೆಚ್ಚು ಮುಂದೆ ಹೋಗಿರಲಿಲ್ಲ. ಇವರು ದಿಂಬು ಹಿಡಿದು ವಾಪಸು ಬಂದರು. ನಿದ್ದೆಯೂ ಬಂತು. ಭಟ್ಟರ ಮಾತು ಸುಳ್ಳಾಗಿ, ನಿದ್ದೆಯ ಹಿಂದೆಯೇ ಅಕ್ಕನೂ ಬಂದಳು.

ಆದರೆ ಅಷ್ಟು ಕಷ್ಟಪಟ್ಟು ಕಲಿತ ರೂಢಿ ಬಿಡಬೇಕಲ್ಲ? ಅಕ್ಕ ಬಂದು ಕೂರುತ್ತಾಳೆ, ಬಸಳೆಗೆ ಕೈ ಹಾಕುತ್ತಾಳೆ, ನನ್ನ ಕಣ್ಣು ತಾನಾಗಿ ಬೆರಳುಗಳ ಮೇಲೆ ಹೋಗುತ್ತದೆ. ಆರು. ತಕ್ಷಣ ಗೊತ್ತಾಗುತ್ತದೆ. ನಾನು ಬಾಯಿ ಬಿಡುವುದಿಲ್ಲ, ಆದರೂ ನನ್ನ ಮುಖ ನೋಡಿಯೇ ಅವಳಿಗೆ ತಿಳಿದುಬಿಡುತ್ತದೆ. ಬಸಳೆ ಅಲ್ಲೇ ಬಿಟ್ಟು ಎದ್ದು ಹೋಗುತ್ತಾಳೆ. ಮೊದಲು ಏನೂ ಗೊತ್ತಿಲ್ಲದೆ ಕುಕ್ಕರಿನ ಬಗ್ಗೆ ಜಗಳವಾಡುತ್ತಿದ್ದಾಗ ಅಷ್ಟು ಹೊತ್ತಾದರೂ ಅವಳು ಬದುಕಿರುತ್ತಿದ್ದಳು. ಆ ಅನುಗ್ರಹ ನನ್ನ ಲೆಕ್ಕದಲ್ಲೇ ಇರಲಿಲ್ಲ.

“ಇದನ್ನು ಮರೆಯುವುದು ಹೇಗೆ, ಹೇಳು,” ಎಂದು ಅನಘಾಳನ್ನು ಕೇಳಿದೆ.

ಅವಳು ಬಹಳ ಹೊತ್ತು ಫೋನಿನಲ್ಲಿ ಹುಡುಕಿದಳು. “ಮಮ್ಮಿ, ಉಸ್ಕಾ ತೋ ಕೋಯಿ ವಿಡಿಯೋ ನಹೀ ಹೈ,” ಎಂದಳು ಸಣ್ಣ ದನಿಯಲ್ಲಿ.

ಮೊನ್ನೆ ಊಟವಾದ ಮೇಲೆ ಸ್ವಲ್ಪ ಅಡ್ಡಾದಾಗ ಅಕ್ಕ ಮತ್ತೆ ಬಂದಳು. ಎಲ್ಲಿಂದಲೋ ಸಂತೆ ಮಾಡಿಕೊಂಡು ಬಂದಿದ್ದಳು. “ಹಿಡ್ಕೋ,” ಎಂದು ಎರಡು ದೊಡ್ಡ ಚೀಲಗಳನ್ನು ನನ್ನ ಎರಡೂ ಕೈಗೆ ತೂಗುಹಾಕಿ, ತಾನು ಬೀಸುಗೈಯಲ್ಲಿ ಮುಂದೆ ನಡೆದಳು. ಮೊದಲಿನಿಂದಲೂ ಅವಳ ಬುದ್ಧಿಯೇ ಹಾಗೆ. ಬೆರಳು ನೋಡಿಕೊಳ್ಳಲು ಕೈ ಖಾಲಿ ಇರಲಿಲ್ಲ, ಮೂಗು ಹಿಡಿಯಲು ಪುರಸೊತ್ತಿರಲಿಲ್ಲ. ಸ್ಟೇಷನ್ನಿನ ಸೇತುವೆಯುದ್ದಕ್ಕೂ ನಾನು ಅವಳನ್ನು ಬೈಯುತ್ತ, ಏದುಸಿರು ಬಿಡುತ್ತ ಹಿಂದೆ ಹೋದೆ. ಅವಳು ಆಗಾಗ ತಿರುಗಿ ಏನೋ ಹೇಳುತ್ತ ನಗುತ್ತಿದ್ದಳು.

ಆದಿತ್ಯವಾರ ಹೇಳಬೇಕೆಂದಿದ್ದ ವಿಷಯ ಅದೇ ಇರಬಹುದೋ ಏನೋ. ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಚೀಲ ಭಾರವಿತ್ತು.